ಅತ್ತೆಯ ಮಡಿಗೆ ಇನ್ಸುಲಿನ್ ಪಾಠ

ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಸುಮ್ಮನಾಗುವ ಗುಣ ನನಗಿಲ್ಲ, ನೋಡಿ. ಅಮೀರ್‌ಪೇಟ್‌ನ ಕೋಚಿಂಗ್ ಸೆಂಟರಿನಲ್ಲಿ ಜೀವಶಾಸ್ತ್ರ ಹೇಳಿ ಹೇಳಿ ಅಂಟಿದ ಚಾಳಿ.

ಅತ್ತೆಗೆ ಸಕ್ಕರೆ ಕಾಯಿಲೆ ಏರಿತ್ತು. ಕಾಲಿನ ಗಾಯ ಮಾಯುತ್ತಿಲ್ಲ, ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚದಿದ್ದರೆ ಬೆರಳೇ ಹೋದೀತು ಎಂದರು ಡಾಕ್ಟರು. ಮನೆಗೆ ಬಂದ ಅತ್ತೆ ಸೀಸೆಯನ್ನು ತಿರುಗಿಸಿ ನೋಡಿ, "ಇದನ್ನ ಯಾತರಿಂದ ಮಾಡ್ತಾರವಾ?" ಎಂದು ಕೇಳಿದರು. ಮಡಿಯಲ್ಲಿ ಪೂಜೆ ಮುಗಿಸದೆ ಹನಿ ನೀರು ಕುಡಿಯದ ಜೀವ ಅದು. ಕಂಪನಿಯವರು ಮಾಡ್ತಾರ್ರಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಅಡುಗೆಮನೆಯಲ್ಲೇ ಪಾಠ ಶುರು ಮಾಡಿದೆ. ಹಿಂದೆ ದನ, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದರು. ಈಗ ಮನುಷ್ಯರ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೆ ಜೋಡಿಸುತ್ತಾರೆ. ಅದು ಕೋಟಿಗಟ್ಟಲೆ ಬೆಳೆದು ನಮಗಾಗಿ ದುಡಿಯುತ್ತದೆ. ಎಷ್ಟು ಚೆಂದ!

"ಆ ಹುಳ ಎಲ್ಲಿ ಇರ್ತಾವ?"

"ನಮ್ಮ ಕರುಳಿನ್ಯಾಗ್ರಿ, ಅತ್ತಿ."

"ಕಕ್ಕಸಿನ ಹುಳದ ಔಷಧ ನನಗ ಚುಚ್ಚತೀಯೇನ? ತಲಿ ನೆಟ್ಟಗ ಐತಿಲ್ಲ ನಿಂದು?"

ಸೀಸೆ ಫ್ರಿಜ್ಜು ಸೇರಿತು. ಮೂರು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೆಟ್ರೋದಲ್ಲಿ ನಿಂತು ವಾದ ಹೊಸೆಯುವುದು, ಮನೆಗೆ ಬಂದು ಒಪ್ಪಿಸುವುದು. ಔಷಧದಲ್ಲಿ ಹುಳ ಇರುವುದಿಲ್ಲ, ಸೋಸಿ ಸೋಸಿ ಶುದ್ಧ ಮಾಡಿರುತ್ತಾರೆ ಎಂದೆ. ಪೂಜೆಗೆ ಉಡುವ ರೇಷ್ಮೆಯೂ ಹುಳದ್ದೇ ಎಂದೆ. ಹಾಲು ಮೊಸರಾಗುವುದೂ ಬ್ಯಾಕ್ಟೀರಿಯಾದಿಂದಲೇ ಎಂದದ್ದು ಮಾತ್ರ ಎಡವಟ್ಟಾಯಿತು. ಅತ್ತೆ ಅಂದೇ ಮೊಸರನ್ನೂ ಬಿಟ್ಟರು.

ನಾಲ್ಕನೆಯ ದಿನ ಪಟ್ಟಿ ಬಿಚ್ಚಿದರೆ ಗಾಯದ ಅಂಚು ಕಪ್ಪಾಗಿತ್ತು. ವಾದವೆಲ್ಲ ಮರೆತು ಅತ್ತುಬಿಟ್ಟೆ. "ಅತ್ತಿ, ಹಠ ಯಾಕ್ರಿ? ನಿಮಗೇನರ ಆದ್ರ ನಾ ಏನ ಮಾಡ್ಲಿ?"

ಅತ್ತೆ ಸೆರಗಿನಿಂದ ನನ್ನ ಕಣ್ಣೊರೆಸಿದರು. ಆಮೇಲೆ, "ನಿಮ್ಮ ಮಾವಗ ಈ ಸೂಜಿ ಶುರು ಮಾಡಿದ ವಾರದಾಗ ಹೋದ್ರು. ನನಗ ಅದರ ಹೆದರಿಕಿ ಐತವಾ. ಹುಳದ್ದಲ್ಲ" ಎಂದರು.

ಜೀನನ್ನು ಕತ್ತರಿಸಿ ಜೋಡಿಸುವುದನ್ನು ವರ್ಷಗಟ್ಟಲೆ ಹೇಳಿಕೊಟ್ಟ ನನಗೆ, ಒಂದೇ ಸೂರಿನಡಿ ಇರುವವರಿಗೆ ಯಾತರ ಭಯ ಎಂದು ಕೇಳುವುದೇ ಹೊಳೆದಿರಲಿಲ್ಲ. ಭಾರಿ ನಾಚಿಕೆಯಾಯಿತು. ಕೈ ಹಿಡಿದು, "ಮಾವನವರಿಗೆ ಆವಾಗ ಭಾಳ ತಡ ಆಗಿತ್ರಿ. ನಿಮಗ ಆಗಿಲ್ಲ" ಎಂದೆ, ಅಷ್ಟೇ.

ಮರುದಿನ ಅತ್ತೆ ತಾವೇ ಬಂದು ಕೂತರು. "ಜಳಕಕ್ಕಿಂತ ಮೊದಲ ಚುಚ್ಚಿಬಿಡು, ಆಮ್ಯಾಲ ಮಡಿ ಆಗ್ತೀನಿ" ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ನಾನು ಸೂಜಿಗೆ ಔಷಧ ಎಳೆದುಕೊಂಡೆ. ನಾನೂ ಕಣ್ಣು ಮುಚ್ಚುವವಳಿದ್ದೆ, ಮುಚ್ಚಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ನೋಡಬೇಕಲ್ಲ!