ಒಗ್ಗರಣೆ ಇಲ್ಲದ ಸಾರು

ಆಗಿನ್ನೂ ನಮ್ಮದು ಮುಂಬಯಿ ಸರ್ಕಾರ. ಬಾದಾಮಿ ಕಡೆಯ ಒಂದು ಹಳ್ಳಿಯ ಸಾಲೆಯಲ್ಲಿ ನಾನು ಮಾಸ್ತರ. ಹೊಳೆಯಾಚೆ, ಪಟ್ಟದಕಲ್ಲಿನ ಕಡೆ ಸಿಡುಬು ಎದ್ದಿದೆಯೆಂದು ಮೈಲಿ ಹಾಕುವ, ಅಂದರೆ ಸಿಡುಬಿನ ಲಸಿಕೆ ಚುಚ್ಚುವ, ಸಾಹೇಬರು ಸೈಕಲ್ಲೇರಿ ಬಂದರು. ಅವರನ್ನು ಕಂಡದ್ದೇ ಬೇಡರ ಓಣಿಯ ಬಾಗಿಲುಗಳು ಮುಚ್ಚಿಕೊಂಡವು. ಓದಿದ ಮನೆತನದವನ ಮಾತು ನಡೆಯುತ್ತದೆಂಬ ತಪ್ಪು ತಿಳಿವಳಿಕೆಯಿಂದ ಊರವರು ನನ್ನನ್ನು ಮುಂದೆ ಮಾಡಿದರು.

ತೆರೆದದ್ದು ಒಂದೇ ಬಾಗಿಲು. ಹೊಸ್ತಿಲಲ್ಲಿ ಓಣಿಯ ಹಿರಿಯಜ್ಜಿ, ಮಡಿಲಲ್ಲಿ ಮೊಮ್ಮಗಳು. ಹಿಂದಿನ ಸಿಡುಬಿನಲ್ಲಿ ಆ ಮನೆಯ ಬೇರೆ ಕೂಸುಗಳೆಲ್ಲ ಹೋಗಿದ್ದವು. ಉಳಿದದ್ದು ಇದೊಂದೇ.

ಸಾಹೇಬರು ಸೂಜಿಯ ಮಹಿಮೆಯನ್ನು ಪುರಾಣ ಹೇಳಿದಂತೆ ಹೇಳಿದರು. ಅಜ್ಜಿ ಪೂರಾ ಕೇಳಿದಳು.

"ಖರೆ ಐತ್ರಿ. ಆದ್ರ ಸಿಡುಬಿನ ತಾಯಿ ತಾನಾಗಿ ಬಂದ್ರ ಹೆಂಗ ನಡಕೋಬೇಕು ನಮಗ ಗೊತ್ತೈತಿ. ಬಾಗಲಿಗೆ ಬೇವಿನ ಸೊಪ್ಪು ಕಟ್ತೇವಿ, ಒಲಿ ಮ್ಯಾಲ ಒಗ್ಗರಣಿ ಚುರ್ ಅಂದ್ರ ಆಕಿಗೆ ಸಿಟ್ಟು, ಹಾಕಂಗಿಲ್ಲ, ಗುಳ್ಳಿ ಒಣಗಿ ಹಕ್ಕಳಿ ಉದುರಿದ ಮ್ಯಾಲ ಮೊಸರಬುತ್ತಿ ಕಟ್ಟಿ ಆಕೀನ್ನ ಸೀಮಿ ದಾಟಿಸ್ತೇವಿ. ನೀವು ಸೂಜಿಲೆ ಆಕೀನ್ನ ಕರಕೊಂಡ್ ಬಂದು ಸೈಕಲ್ ಹತ್ತಿ ಹೋಗ್ತೀರಿ. ಕರದವ್ರು ನೀವು, ಕಳಸವ್ರು ಯಾರ್ರಿ?"

ಸಾಹೇಬರು ತಮ್ಮ ಚೀಲದಲ್ಲಿ ಕೈಯಾಡಿಸಿದರು. ಕಳಿಸುವ ಸೂಜಿಯನ್ನು ಇಲಾಖೆ ಕೊಟ್ಟಂತಿರಲಿಲ್ಲ.

"ನಾ ಕಳಸ್ತೇನಿ ಯವ್ವಾ," ಎಂದೆ. "ಹಕ್ಕಳಿ ಉದುರೋತನಕ ನಮ್ಮ ಮನಿಯೊಳಗೂ ಒಗ್ಗರಣಿ ಹಾಕೂದಿಲ್ಲ."

ಯಾಕೆ ಹಾಗೆಂದೆನೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಅಜ್ಜಿ ಕೂಸಿನ ಅಂಗಿಯ ತೋಳು ಸರಿಸಿದಳು.

ಮನೆಯಲ್ಲಿ ಅವ್ವ ಕೇಳಿದಳು: "ಇದೆಂಥಾ ಸರ್ಕಾರಿ ವ್ರತನೋ? ಆ ಕೂಸಿಗೆ ಚುಚ್ಚಿದ್ರ ನಮ್ಮನಿ ಸಾಸಿವಿ ಏನ ಪಾಪ ಮಾಡ್ಯಾವ?"

ಸಾಸಿವೆಯ ಪರವಾಗಿ ನನಗೂ ಅದೇ ಸಂಶಯ. ಆದರೆ ಕೂಸಿನ ತೋಳು ಬಾತು ಜ್ವರ ಬಂತು. ಇದು ಮೈಲಿ ಹತ್ತಿದ ಲಕ್ಷಣ, ಹೆದರಬೇಡಿ ಎಂದು ಸಾಹೇಬರು ಮೊದಲೇ ಹೇಳಿದ್ದರು, ನಾನೂ ಓಣಿಯಲ್ಲಿ ಅದನ್ನೇ ಗಂಭೀರವಾಗಿ ಸಾರಿ ಬಂದಿದ್ದೆ. ಮನೆಗೆ ಬಂದರೆ ಅವ್ವ ಸೌಟಿನಲ್ಲಿ ಎಣ್ಣೆ ಕಾಯಿಸುತ್ತಿದ್ದಾಳೆ! ಚಪ್ಪಲಿ ಬಿಡುವುದನ್ನೂ ಮರೆತು ಅಡಿಗೆಮನೆಗೆ ನುಗ್ಗಿ ಸೌಟು ಕಸಿದೆ. ಕೊಟ್ಟ ಮಾತಿಗಾಗಿಯೋ, ಕೂಸಿಗೇನಾದೀತೋ ಎಂಬ ಭಯಕ್ಕೋ, ಗೊತ್ತಿಲ್ಲ. ಅವ್ವ ನನ್ನ ಚಪ್ಪಲಿ ನೋಡಿ, ಒಲೆಯ ಕಟ್ಟಿಗೆ ಹಿಂದೆಳೆದಳು.

ಜ್ವರ ಇಳಿಯಿತು. ಹಕ್ಕಳೆಯೂ ಉದುರಿತು. ಅಜ್ಜಿ ಬುತ್ತಿಯನ್ನು ನನ್ನ ಕೈಗೇ ಕೊಟ್ಟಳು: "ಕಳಸ್ತೇನಿ ಅಂದವ್ರ ಕೈಲೇ ಕಳಸ್ಬೇಕ್ರಿ." ಊರ ಸೀಮೆಯಲ್ಲಿ ಬುತ್ತಿ ಇಟ್ಟು ಕೈಮುಗಿದೆ. ದೇವಿಗೋ, ಲಸಿಕೆಗೋ, ಇಬ್ಬರೂ ಹಂಚಿಕೊಳ್ಳಲಿ ಎಂದುಕೊಂಡೆ.

ಸಾಹೇಬರು ಮತ್ತೆ ಬಂದಾಗ ಓಣಿಯ ಬಾಗಿಲುಗಳು ತೆರೆದೇ ಇದ್ದವು. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ನಿಂತಿದ್ದರು.

"ನೋಡ್ರಿ ಮಾಸ್ತರ, ತಿಳಿಸಿ ಹೇಳಿದ್ರ ಮಂದಿ ಕೇಳ್ತಾರ," ಎಂದರು ಸಾಹೇಬರು.

"ಮಾಸ್ತರು ಸಪ್ಪನ ಸಾರು ಉಂಡಿದ್ದಕ್ಕ ಕೂಸು ಉಳೀತು," ಎಂದಳು ಅಜ್ಜಿ.

ಇಬ್ಬರಿಗೂ ತಲೆಯಾಡಿಸಿದೆ.

ಸಂಜೆ ಅವ್ವ ಒಲೆಯ ಮುಂದೆ ಕೂತು ಕೇಳಿದಳು: "ಇವತ್ತರ ಒಗ್ಗರಣಿ ಹಾಕ್ಲೇನೋ?"

"ಬ್ಯಾಡವ್ವಾ. ಇವತ್ತ ಓಣಿಗೆ ಓಣೀನ ಸೂಜಿಗೆ ತೋಳು ಕೊಟ್ಟದ. ಎಲ್ಲಾರ ಹಕ್ಕಳಿ ಉದುರ್ಲಿ."

ಅವ್ವ ಸಾಸಿವೆ ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು.