ದುರ್ಸುನ್ ಅಂದರೆ ಇರಲಿ

ಹೆರಿಗೆಯಾಗಿ ಒಂದು ದಿನವೂ ಕಳೆದಿರಲಿಲ್ಲ. ಕೈಯಲ್ಲಿ ಫಾರ್ಮು ಹಿಡಿದ ಹೆಂಗಸೊಬ್ಬಳು ಕೋಣೆಗೆ ಬಂದು, ಮಾಸ್ಕಿನ ಹಿಂದಿನಿಂದಲೇ ನಗುತ್ತ, "ಮಗುವಿನ ಹೆಸರೇನು?" ಎಂದು ಕೇಳಿದಳು. ನಾನೂ ನನ್ನ ಗಂಡ ಮಹಾಂತೇಶನೂ ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟೆವು. ಹಸಿ ಬಾಣಂತಿಯ ಕೋಣೆಗೆ ನುಗ್ಗಿ ಹೆಸರು ಕೇಳುವುದೆಂದರೇನು! ನಮ್ಮ ಗದಗಿನ ಕಡೆ ಹನ್ನೆರಡು ದಿನ ಮಗು ಬರೀ ಕೂಸು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ, ಸೋದರತ್ತೆ ಅದರ ಕಿವಿಯಲ್ಲಿ "ಕುರ್ರ್" ಅಂದು ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಆಕೆಯ ಬೆನ್ನಿಗೆ ಧಬಧಬ ಗುದ್ದಬೇಕು. ಅಲ್ಲಿಯವರೆಗೆ ಹೆಸರು ಸೋದರತ್ತೆಯ ಹೊಟ್ಟೆಯೊಳಗೆ. ಹೆತ್ತ ತಾಯಿಗೂ ಹೇಳುವಂತಿಲ್ಲ.

ಅದು 2020, ಸ್ಯಾನ್ ಡಿಯೇಗೊ. ಕೊರೊನಾದ ಕಾಲ, ವಿಮಾನಗಳಿಲ್ಲ. ಸೋದರತ್ತೆ, ಅಂದರೆ ಮಹಾಂತೇಶನ ಅಕ್ಕ ಶಾಂತಕ್ಕ, ಗದಗಿನಲ್ಲಿದ್ದರು. ಹದಿಮೂರನೆಯ ದಿನ ವಿಡಿಯೊ ಕಾಲ್‌ನಲ್ಲಿ ಹೆಸರಿಡುವುದೆಂದು ಮಾತಾಗಿತ್ತು.

ಫಾರ್ಮಿನವಳಿಗೆ ಮಹಾಂತೇಶ ಇದನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದ. ಬೆನ್ನಿಗೆ ಗುದ್ದುವ ಭಾಗ ಕೇಳಿ ಆಕೆ ಕಣ್ಣರಳಿಸಿದಳು. ಖಾಲಿ ಬಿಡಬಹುದು, ಆಮೇಲೆ ಹೆಸರು ಸೇರಿಸಲು ಬೇರೆ ಅರ್ಜಿ ಹಾಕಬೇಕು ಎಂದಳು.

"ಖಾಲಿ ಬಿಡಾಕ ಹೇಳ್ರಿ" ಎಂದೆ ನಾನು. ನಾನೇ ಹೇಳಿದ್ದು. ಇದನ್ನು ಬೇರೆ ಯಾರ ತಲೆಗೂ ಕಟ್ಟಲಾರೆ.

ಒಂಬತ್ತನೆಯ ದಿನ ಮಗು ಹೋಯಿತು. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು, ಯಾರ ತಪ್ಪೂ ಇರಲಿಲ್ಲ. ನಮ್ಮ ಪದ್ಧತಿಯಂತೆ ಮಣ್ಣು ಮಾಡಿದೆವು. ಕಲ್ಲಿನ ಮೇಲೆ ಏನು ಕೆತ್ತಬೇಕು ಎಂದು ಸ್ಮಶಾನದವರು ಕೇಳಿದರು. ಕಾಗದದಲ್ಲಿದ್ದದ್ದೇ ಕೆತ್ತಿದರು: "ಬೇಬಿ ಬಾಯ್", ಅದರ ಪಕ್ಕದಲ್ಲಿ ನಮ್ಮ ಅಡ್ಡಹೆಸರು. ಆ ಸಾಲಿನಲ್ಲಿ ನಾಯಿಮರಿಯಷ್ಟು ಚಿಕ್ಕ ಕಲ್ಲುಗಳಿಗೂ ಹೆಸರಿದೆ. ನಮ್ಮದಕ್ಕೊಂದಕ್ಕೇ ಇಲ್ಲ.

ಆಗ ನಾನು ಅದೇ ಊರಿನ ಲಾ ಹೋಯಾದಲ್ಲಿ ಸಮುದ್ರದ ನೀರು ಪರೀಕ್ಷಿಸುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದೆ. ನೀರು ತುಂಬಿದ ಬಾಟಲಿ ಕೈಗೆ ಬಂದ ಕ್ಷಣವೇ ಲೇಬಲ್ ಹಚ್ಚಬೇಕು. ಲೇಬಲ್ ಇಲ್ಲದ ಬಾಟಲಿ ಎಷ್ಟೇ ದೂರದಿಂದ ಬಂದಿರಲಿ, ಸಿಂಕಿಗೆ ಚೆಲ್ಲಿಬಿಡುತ್ತೇವೆ. ಕೆಲಸಕ್ಕೆ ಮರಳಿದ ವಾರದಲ್ಲೇ ಅಂಥದ್ದೊಂದು ಬಾಟಲಿ ನನ್ನ ಕೈಗೆ ಬಂತು. ಅದನ್ನು ಚೆಲ್ಲಲಾಗದೆ ಅಲ್ಲೇ ಕೂತು ಅತ್ತೆ. ಮುಂದಿನ ತಿಂಗಳು ಕೆಲಸ ಬಿಟ್ಟೆ.

ಶಾಂತಕ್ಕ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಹೆಸರಿಟ್ಟಿದ್ದಿಲ್ಲಲಾ, ಛಲೋ ಆತು ಬಿಡವಾ. ಹೆಸರಿಟ್ಟ ಕೂಸು ಭಾಳ ನೆನಪಾಗತೈತಿ."

ಛಲೋ ಆತಂತ! ನನಗೆ ಮೈಯೆಲ್ಲ ಉರಿಯಿತು. ಆವತ್ತಿನಿಂದ ಅವರೊಡನೆ ಹೂಂ, ಊಹೂಂ ಬಿಟ್ಟು ಮಾತಾಡಲಿಲ್ಲ.

ಮರುವರ್ಷ ಮಹಾಂತೇಶನಿಗೆ ಟೊರೆನ್ಸಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಲಾಸ್ ಏಂಜಲೀಸ್ ಪಕ್ಕದ ಆ ಊರಿಗೆ ಬಂದೆವು. ಓಣಿಗಳೆಲ್ಲ ಗುಡಿಸಿ ಒರೆಸಿದಂತೆ ಸ್ವಚ್ಛ, ಮನುಷ್ಯರು ಮಾತ್ರ ಕಾರಿನೊಳಗೆ. ಗದಗಿನಲ್ಲಿ ಕಸ ಚೆಲ್ಲಲು ಹೋದರೂ ನಾಲ್ಕು ಜನ "ಊಟಾ ಆತ?" ಅನ್ನುತ್ತಿದ್ದರು. ಇಲ್ಲಿ ಎಲ್ಲರೂ "ಹೌ ಆರ್ ಯೂ" ಅನ್ನುತ್ತಾರೆ, ಉತ್ತರ ಕೇಳಲು ಒಬ್ಬರೂ ನಿಲ್ಲುವುದಿಲ್ಲ. ನಿಂತವರು ಒಬ್ಬರೇ, ಪಕ್ಕದ ಮನೆಯ ನೆರ್ಮಿನ್ ಆಂಟಿ. ಟರ್ಕಿಯ ಕಪ್ಪು ಸಮುದ್ರದ ದಂಡೆಯ ಗುಡ್ಡದೂರಿನವರು, ಎಪ್ಪತ್ತು ದಾಟಿದವರು. ಮಗಳ ಮನೆಗೆಂದು ಬಂದು ಇಲ್ಲೇ ಉಳಿದವರು. ಅವರ ಇಂಗ್ಲಿಷು ನನ್ನದಕ್ಕಿಂತ ಕುಂಟುವಂಥದ್ದು, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಚಹಾಕ್ಕೆ ಅವರೂ ಚಾಯ್ ಅನ್ನುತ್ತಾರೆ. ಬೇಳೆಯ ಕಟ್ಟಿನಂಥ ಒಂದು ಸೂಪು ಮಾಡಿ ತರುತ್ತಿದ್ದರು. ಅದಕ್ಕೆ ನಾನು ಒಗ್ಗರಣೆ ಕೊಟ್ಟು ಉಣ್ಣುತ್ತಿದ್ದೆ. ನೋಡಿದಾಗಲೆಲ್ಲ ಹಣೆ ಬಡಿದುಕೊಳ್ಳುತ್ತಿದ್ದರು.

2022ರಲ್ಲಿ ಮತ್ತೆ ಬಸುರಿಯಾದೆ. ಸಂತೋಷವಲ್ಲ, ಬರೀ ಹೆದರಿಕೆ. ಆಂಟಿಗೆ ಮೊದಲಿನವನ ಕಥೆ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. "ನಮ್ಮಮ್ಮನಿಗೆ ಮೂರು ಹೋಗಿದ್ದವು. ನಾಲ್ಕನೆಯವನು ನನ್ನ ಅಣ್ಣ. ದುರ್ಸುನ್ ಅಂತ ಹೆಸರಿಟ್ಟರು" ಎಂದರು.

"ಹಂಗಂದ್ರ?"

"ದುರ್ಮಕ್ ಅಂದರೆ ನಿಲ್ಲೋದು, ಉಳಿಯೋದು. ದುರ್ಸುನ್ ಅಂದರೆ ಉಳಿಯಲಿ, ಇರಲಿ. ಇದೊಂದಾದರೂ ಇರಲಿ ಅಂತ ದೇವರ ಹತ್ತಿರ ಗೋಗರೆಯೋದು. ಅದು ಹೆಸರಲ್ಲ ಮಗಳೇ, ಅರ್ಜಿ."

ಅವರ ಶಾಲೆಯಲ್ಲಿ ಬೆಂಚಿಗೊಬ್ಬ ದುರ್ಸುನ್ ಇದ್ದನಂತೆ. ಈಗ ಊರಿಡೀ ಹುಡುಕಿದರೂ ಆ ಹೆಸರಿನ ಕೂಸು ಸಿಗುವುದಿಲ್ಲ. ಹಳ್ಳಿಗಮಾರನ ಹೆಸರು, ಪೆದ್ದನ ಹೆಸರು ಎಂದು ಅವರ ಮಗಳೇ ನಗುತ್ತಾಳೆ. ನನಗೆ ನಮ್ಮ ಮುತ್ತಜ್ಜ ತಿಪ್ಪಣ್ಣ ನೆನಪಾದ. ಅವನಿಗಿಂತ ಮೊದಲಿನವು ಉಳಿಯಲಿಲ್ಲವೆಂದು ಅವನನ್ನು ತಿಪ್ಪೆಯ ಮೇಲೆ ಹೊರಳಾಡಿಸಿ ಆ ಹೆಸರಿಟ್ಟಿದ್ದರು, ಕಸವೆಂದು ತಿಳಿದು ಯಮ ಬಿಟ್ಟು ಹೋಗಲಿ ಎಂದು. ಅವರಲ್ಲಿ ದೇವರನ್ನು ಬೇಡಿಕೊಳ್ಳುತ್ತಿದ್ದರು, ನಮ್ಮಲ್ಲಿ ಯಮನಿಗೆ ಮೋಸ ಮಾಡುತ್ತಿದ್ದರು. ಈಗ ಯಾರೂ ಕೂಸಿಗೆ ತಿಪ್ಪಣ್ಣ ಎಂದು ಇಡುವುದಿಲ್ಲ. ಮಕ್ಕಳು ಸಾಯುವುದು ಕಡಿಮೆಯಾದಂತೆ ಎರಡೂ ಕಡೆ ಈ ಹೆಸರುಗಳು ಹಳತಾದವು. ಸ್ಯಾನ್ ಡಿಯೇಗೊದ ಕನ್ನಡದವರ ದೀಪಾವಳಿ ಊಟದಲ್ಲಿ "ಆರವ್" ಎಂದು ಕೂಗಿದರೆ ನಾಲ್ಕು ಹುಡುಗರು ತಿರುಗಿ ನೋಡುತ್ತಾರೆ. ಆ ತಾಯಂದಿರಿಗೆ ಯಾರನ್ನೂ ಬೇಡುವ ಗರಜು ಬಿದ್ದಿಲ್ಲ, ಪುಣ್ಯವಂತರು.

ಹೆಸರುಗಳ ವೆಬ್‌ಸೈಟಿನಲ್ಲೂ ಹುಡುಕಿದೆ. ದುರ್ಸುನ್. ಮೂಲ: ಟರ್ಕಿ. ಅರ್ಥ: ಬದುಕಿರಲಿ. ಜನಪ್ರಿಯತೆ: ಅಪರೂಪ. ಪಕ್ಕದಲ್ಲಿ ಟೊಪ್ಪಿಗೆ ಹಾಕಿಕೊಂಡು ನಗುವ ಗುಂಡು ಕೂಸಿನ ಫೋಟೊ. ಯಾಕೆ ಅಪರೂಪ ಎಂದು ಬರೆಯಲು ಅವರಿಗೇನು ಧಾಡಿ?

ಈ ಸಲ ಫಾರ್ಮಿನವಳು ಬಾಗಿಲಲ್ಲಿ ಕಾಣಿಸಿದ್ದೇ ತಡ, ನಾನೇ ಪೆನ್ನು ಕಸಿದುಕೊಂಡು ದುರ್ಸುನ್ ಎಂದು ಬರೆದೆ. ಮಹಾಂತೇಶ ನನ್ನ ಮುಖ ನೋಡಿ ಕೆಳಗೆ ಸಹಿ ಹಾಕಿದ. ಶಾಂತಕ್ಕ ಸುಮ್ಮನಿರುವವರಲ್ಲ.

"ತುರ್ಕರ ಹೆಸರಾ? ಊರಾಗ ಮಂದಿಗೆ ಏನಂತ ಹೇಳ್ಲಿ?"

"ತಿಪ್ಪಣ್ಣ ಅಂತ ಇಟ್ಟೀವಂತ ಹೇಳ್ರಿ. ಎರಡೂ ಒಂದ" ಎಂದೆ.

"ಸ್ವಾದರತ್ತಿ ಇರೂದರಾಗ ಹೆಸರಿಡಾಕ ನೀ ಯಾರು?"

"ಕಾಯ್ದು ಕಾಯ್ದು ಒಬ್ಬನ್ನ ಹೆಸರಿಲ್ಲದ ಮಣ್ಣಿಗಿಟ್ಟೀನ್ರಿ ಅಕ್ಕಾರ. ಇನ್ನೊಮ್ಮೆ ಕಾಯಂಗಿಲ್ಲ."

ಅವರು ಫೋನು ಇಟ್ಟರು. ಆದರೆ ಹದಿಮೂರನೆಯ ದಿನ ಸರಿಯಾಗಿ ಮತ್ತೆ ಕಾಲ್ ಬಂತು. ಅಲ್ಲಿ ಖಾಲಿ ತೊಟ್ಟಿಲು ಕಟ್ಟಿ, ಅದರೊಳಗೆ ಒಂದು ಗುಂಡುಕಲ್ಲು ಮಲಗಿಸಿ, ಅದಕ್ಕೆ ಬಾಗಿ "ಕುರ್ರ್, ವಿಹಾನ" ಎಂದರು. ಓಣಿಯ ಹೆಂಗಸರು ಅವರ ಬೆನ್ನಿಗೆ ಗುದ್ದಿದ ಸದ್ದು ಟೊರೆನ್ಸಿನವರೆಗೂ ಕೇಳಿಸಿತು. ಹೀಗೆ ಅವನು ಅಲ್ಲಿ ವಿಹಾನ, ಇಲ್ಲಿ ದುರ್ಸುನ್. ಡೇಕೇರಿನಲ್ಲಿ ಡರ್ಸನ್. ಅಲ್ಲಿಯ ಟೀಚರು ಅರ್ಥ ಕೇಳಿದಳು. "ಸ್ಟೇ" ಎಂದೆ. "ಓ, ಸೋ ಕ್ಯೂಟ್!" ಎಂದಳು. ಆಕೆಯ ಮೇಲೆ ಸಿಟ್ಟು ಮಾಡಿಕೊಂಡು ಏನು ಉಪಯೋಗ?

ಅವನಿಗೆ ಮೂರು ತುಂಬಿದ ಮೇಲೆ ಗದಗಿಗೆ ಹೋದೆವು. ಶಾಂತಕ್ಕ ವಿಹಾನ ಎಂದು ಕರೆದಾಗಲೆಲ್ಲ ಇವನು "ನೋ, ಐ ಯಾಮ್ ದುರ್ಸುನ್" ಎನ್ನುತ್ತಿದ್ದ. ಒಂದು ಸಂಜೆ ಅವರು ದೇವರ ಮುಂದೆ ದೀಪ ಹಚ್ಚುತ್ತ ಏನೋ ಗೊಣಗಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಅದರಲ್ಲೊಂದು ಹೆಸರು ಕೇಳಿಸಿತು. ನಮ್ಮ ಮನೆತನದಲ್ಲಿ ಆ ಹೆಸರಿನವರು ಯಾರೂ ಇಲ್ಲ.

"ಯಾರ್ರೀ ಅಕ್ಕಾರ ನಿರಂಜನ ಅಂದ್ರ?"

ಅವರ ಕೈಯಲ್ಲಿನ ಕಡ್ಡಿ ಬೆರಳು ಸುಡುವವರೆಗೂ ಉರಿಯಿತು.

"ನಿನ್ನ ಹಿರೇಮಗ" ಎಂದರು. "ದಿನಾ ಅವನ ಹೆಸರ್ಲೆ ಒಂದು ಬತ್ತಿ ಹಚ್ತೀನಿ."

ಅಲ್ಲೇ ಹೊಸ್ತಿಲ ಮೇಲೆ ಕೂತೆ. ಐದು ವರ್ಷ! ನಾನು ಅಲ್ಲಿ ಬೇಬಿ ಬಾಯ್ ಎಂಬ ಕಲ್ಲನ್ನು ಒರೆಸುತ್ತಿದ್ದಾಗ ಇಲ್ಲಿ ಅವನಿಗೆ ಹೆಸರಿತ್ತು.

"ನನಗ್ಯಾಕ ಹೇಳಲಿಲ್ಲ?" ಎಂದು ಚೀರಿದೆ.

"ತೊಟ್ಟಲಕ್ಕ ಹಾಕಲಾರದ ಕೂಸಿನ ಹೆಸರು ಹೇಳಬಾರದವಾ. ಹಿರ್ಯಾರು ಹೇಳಿದ್ದು." ಸೆರಗಿನಿಂದ ಮೂಗು ಒರೆಸಿಕೊಂಡರು. "ನಿನಗ ಮರಿಯಾಕ ಹಗುರಾಗ್ಲಿ ಅಂತ ಆವತ್ತು ಹಂಗಂದಿದ್ದೆ. ನನಗ ಮರಿಯಾಕ ಆಗಲಿಲ್ಲ."

ಅವರನ್ನು ಅಪ್ಪಿಕೊಂಡು ಅತ್ತೆ ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಇಳಿಯಲಿಲ್ಲ, ಈಗಲೂ ಪೂರ್ತಿ ಇಳಿದಿಲ್ಲ. ಯಾವನೋ ಹಿರಿಯ ಮಾಡಿದ ಕಟ್ಟಳೆಯೊಂದರ ದೆಸೆಯಿಂದ ನಾವಿಬ್ಬರೂ ಒಂದೇ ಕೂಸಿಗಾಗಿ ಬೇರೆ ಬೇರೆ ಅತ್ತೆವು. "ನೀವ ಹೇಳಬೇಕು, ಅವನ ಕಿವ್ಯಾಗ" ಎಂದಷ್ಟೇ ಅಂದೆ.

ಹೊರಡುವಾಗ ಎಲ್ಲರೂ ಕೇಳುವ ಮಾತನ್ನೇ ಅವರೂ ಕೇಳಿದರು, ಕಾಯಂ ಯಾವಾಗ ಬರುತ್ತೀರಿ ಎಂದು. ಹಿರಿಯವನು ಆ ಮಣ್ಣಿನಲ್ಲಿದ್ದಾನೆ, ಕಿರಿಯವನಿಗೆ ಇರಲಿ ಎಂದು ನಾನೇ ಹೆಸರಿಟ್ಟಿದ್ದೇನೆ.

ಮರಳಿ ಬಂದ ಮೊದಲ ಭಾನುವಾರ ಟೊರೆನ್ಸಿನಿಂದ ಸ್ಯಾನ್ ಡಿಯೇಗೊಗೆ ಡ್ರೈವ್ ಮಾಡಿದೆವು. ಇಲ್ಲಿ ಇಳಿಹೊತ್ತು, ಅಲ್ಲಿ ಸೋಮವಾರದ ನಸುಕು. ಹುಲ್ಲಿನ ಮೇಲೆ, ಕಲ್ಲಿಗೆ ತಾಗಿಸಿ ಫೋನಿಟ್ಟೆ. ಮಹಾಂತೇಶ ಬೇರೆ ಕಡೆ ಮುಖ ಮಾಡಿ ನಿಂತ. ದುರ್ಸುನ್ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಫೋನನ್ನೇ ನೋಡುತ್ತಿದ್ದ.

"ಕುರ್ರ್" ಎಂದಿತು ಶಾಂತಕ್ಕನ ದನಿ. "ನಿರಂಜನ. ನಿರಂಜನ. ನಿರಂಜನ."

ಆಮೇಲೆ ಅವರು ಕಾದರು. ನಾವೂ ಕಾದೆವು. ಯಾವುದಕ್ಕೆಂದು ನನಗೆ ಮೊದಲು ಹೊಳೆಯಲಿಲ್ಲ.

"ಗುದ್ದರ್ಯಾ, ಯಾರರ" ಎಂದರು ಶಾಂತಕ್ಕ.

ನಸುಕಿನಲ್ಲಿ ಅವರ ಹತ್ತಿರ ಯಾರೂ ಇರಲಿಲ್ಲ. ಗುದ್ದಬೇಕಾದ ಬೆನ್ನು ಗದಗಿನಲ್ಲಿತ್ತು, ನಮ್ಮ ಕೈಗಳು ಇಲ್ಲಿದ್ದವು.