ಲೇತಿನ ಮಾಸ್ತರರು ಹಚ್ಚಿದ ಪುಲ್ಲಿ

ಆಗ ನನಗೆ ನಲವತ್ತೆಂಟು ವರ್ಷ. ಹದಿನೆಂಟು ವರ್ಷದ ಹಿಂದಿನ ಮಾತು. ಲೇತಿನ ಮಾಸ್ತರರ ಹುಬ್ಬಿನಲ್ಲಿ ಯಾವಾಗಲೂ ಕಬ್ಬಿಣದ ಪುಡಿ ಸಿಕ್ಕಿಕೊಂಡಿರುತ್ತಿತ್ತು. ಬಿಸಿಲಿಗೆ ಬಂದರೆ ಮಿರಿಮಿರಿ ಮಿಂಚುತ್ತಿತ್ತು. ಮದುವೆಗೆ ಬಂದರೂ ಅಷ್ಟೆ, ಸತ್ತವರ ಮನೆಗೆ ಬಂದರೂ ಅಷ್ಟೆ. "ಮಾರಿ ತೊಳಕೊಂಡ ಬರ್ರಿ ಮಾಸ್ತರ" ಅಂದರೆ, "ತೊಳದೀನ್ರಿ ಅಕ್ಕಾರ, ಅದ ನನ್ನ ಬಿಡವಲ್ದು" ಅನ್ನುತ್ತಿದ್ದರು.

ಸಾಲೆಯ ಮಾಸ್ತರರಲ್ಲ, ಕಬ್ಬಿಣ ಕಡೆಯುವವರು. ಊರು ಚಿಮ್ಮಡ. ದಿನಾ ಸೈಕಲ್ ತುಳಿದು ಬನಹಟ್ಟಿಗೆ ಬಂದು ನಮ್ಮ ಓಣಿಯ ತುದಿಯ ತಗಡಿನ ಶೆಡ್ಡಿನಲ್ಲಿ ಸ್ವಂತ ಲೇತ್ ನಡೆಸುತ್ತಿದ್ದರು. ಮಗ್ಗ ಕೆಟ್ಟಿದೆ ಎಂದು ಕರೆದರೆ ಬಂದವರೇ ಕೈ ಹಾಕುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು "ಮಗ್ಗ ಹಚ್ಚರಿ" ಅನ್ನುತ್ತಿದ್ದರು. ನೆಲದ ನಡುಕ ಅಂಗಾಲಿಗೆ ತಿಳಿಯುತ್ತಿತ್ತಂತೆ. ಎಲ್ಲಿ ಕೆಟ್ಟಿದೆ ಅನ್ನುವುದನ್ನು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು.

ನನ್ನ ಗಂಡ ತೀರಿದ ಮೇಲೆ ನನಗೆ ಉಳಿದದ್ದು ಒಂದು ಪಾವರ್‌ಲೂಮ್ ಮಗ್ಗ. ಮಗ್ಗ ನನ್ನದು, ನೂಲು ಸಾವಕಾರನದು. ಹಾಸಿನ ನೂಲು ಸುತ್ತಿದ ಉರುಳೆ, ಬೀಮು, ಅವನು ಕೊಡಬೇಕು, ನಾನು ಸೀರೆ ನೇಯ್ದು ಒಪ್ಪಿಸಬೇಕು. ಬೀಮು ಬಂದರೆ ಒಲೆ ಉರಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಆ ವರ್ಷ ಮೋಟರಿನಿಂದ ಮಗ್ಗ ತಿರುಗಿಸುವ ಪಟ್ಟಾ ಜಾರತೊಡಗಿತು. ಮೋಟರು ತಿರುಗುತ್ತಿತ್ತು, ಮಗ್ಗ ಹಿಂದೆ ಬೀಳುತ್ತಿತ್ತು. ಲಾಳಿ ಆಚೆ ಮುಟ್ಟದೆ ನಡುವೆಯೇ ನಿಲ್ಲುತ್ತಿತ್ತು. ನಿಂತು ಹೊರಟ ಕಡೆಯೆಲ್ಲ ಸೀರೆಗೆ ಅಡ್ಡಗೆರೆ. ಸಾವಕಾರ ಸೀರೆಯನ್ನು ಬೆಳಕಿಗೆ ಹಿಡಿದು, "ಇದೇನಬೇ, ಸೀರಿ ನೇದೀಯೋ, ಬರಿಯೂ ಪುಸ್ತಕಕ್ಕ ಗೆರಿ ಹೊಡದೀಯೋ? ಇನ್ನೊಂದ ಸಲಾ ಹಿಂಗಾದ್ರ ಬೀಮ್ ಇಳಸ್ಕೊಂಡ ಹೋಗ್ತೇನಿ" ಅಂದ.

ಮಾಸ್ತರರು ಬಂದು ಬರಿಗಾಲಲ್ಲಿ ನಿಂತರು. ಮೋಟರಿನದು, ಮಗ್ಗದ್ದು, ಎರಡೂ ಪುಲ್ಲಿ, ಅಂದರೆ ಪಟ್ಟಾ ಕೂರುವ ಗಾಲಿ, ಬಿಚ್ಚಿಕೊಂಡು ಹೋದರು. ಒಂದೊಂದರ ಮೇಲೆ ಎರಡೆರಡು ಪಟ್ಟಾ ಕೂರುವ ಹಾಗೆ ಹೊಸವನ್ನು ಕಡೆದು ತಂದರು. ರಬ್ಬರಿನ ಎರಡು ಹೊಸ ಪಟ್ಟಾ ಏರಿಸಿದರು. ಮಗ್ಗ ಹಚ್ಚಿದಾಗ ಲಾಳಿಯ ಸಪ್ಪಳ ಗಡಿಯಾರದ ಹಾಗೆ ಬಂತು.

"ಇದಕ್ಕ ರಾಳ ಹಾಕಬ್ಯಾಡ್ರಿ ಮತ್ತ."

"ಅದ್ಯಾಕ್ರಿ? ನಮ್ಮ ಯಜಮಾನರು ಪ್ರತಿ ಸೋಮವಾರ ಹಾಕತಿದ್ರು."

"ಅದು ತೊಗಲಿನ ಪಟ್ಟಾರಿ ಅಕ್ಕಾರ. ಇದಕ್ಕ ರಾಳ ಬಿತ್ತಂದ್ರ ಅಂಟಿ ಹಿಡಿತೈತಿ. ಲಾಳಿ ಸಿಕ್ಕಾಗ ಪಟ್ಟಾ ಒಂಚೂರು ಜಾರಬೇಕು. ಜಾರಲಿಲ್ಲಂದ್ರ ಕಬ್ಬಿಣ ಮುರಿತೈತಿ."

ಕೇಳಿದೆ. ತಲೆಯಾಡಿಸಿದೆ. ಆದರೆ ಆಗ ಬನಹಟ್ಟಿಯಲ್ಲಿ ಯಾರ ಮಗ್ಗದ ಮೂಲೆ ನೋಡಿದರೂ ಪಟ್ಟಾ ಜಾರದಿರಲೆಂದು ರಾಳದ ಡಬ್ಬಿ ಇರುತ್ತಿತ್ತು. ಪೂಜೆ ಮಾಡಿ, ಊದಿನಕಡ್ಡಿ ಬೆಳಗಿ, ಪಟ್ಟಾಕ್ಕೆ ಒಂದು ಚಿಟಿಕೆ ರಾಳ ಉದುರಿಸುವುದು, ಅಷ್ಟು ಮಾಡಿಯೇ ಮಗ್ಗ ಹಚ್ಚುವುದು. ಮಳೆಯ ತಂಪಿಗೆ ಒಂದು ದಿನ ಹೊಸ ಪಟ್ಟಾ ಕೀಚ್ ಅಂದಿತು. ಮತ್ತೆ ಜಾರತೊಡಗಿತು ಎಂದು ನನಗೆ ಹೆದರಿಕೆ. ಒಂದು ಚಿಟಿಕೆ ಅಲ್ಲ, ಒಂದು ಮುಷ್ಟಿ ಹಾಕಿದೆ.

ಮೂರನೆಯ ದಿನ ಲಾಳಿ ಎಳೆಗಳ ನಡುವೆ ಸಿಕ್ಕಿತು. ಮಗ್ಗ ನಿಂತಿತು, ಮೋಟರು ಬಿಡಲಿಲ್ಲ. ಗುಂಡು ಹಾರಿದಂತೆ ಸಪ್ಪಳವಾಗಿ ಮಗ್ಗ ತಿರುಗಿಸುವ ದೊಡ್ಡ ಕಬ್ಬಿಣದ ದಂಡೆ ಎರಡು ತುಂಡಾಯಿತು. ಹಾಸಿನ ಅರ್ಧದಷ್ಟು ಎಳೆಗಳು ಹರಿದು ಜೋತುಬಿದ್ದವು.

ಓಣಿ ಕೂಡಿತು. ಸಾವಕಾರನೂ ಬಂದ. ಯಾರೂ ಏನೂ ಕೇಳುವ ಮೊದಲೇ ನಾನು ಬಾಯಿ ತೆಗೆದೆ. "ಆ ಮಾಸ್ತರ ಹಚ್ಚಿದ ಪುಲ್ಲಿ ನೋಡ್ರಿ! ಛಲೋ ಇದ್ದ ಮಗ್ಗ ಮುರಿದ ಹಾಕಿದ!"

ಮಾಸ್ತರರನ್ನು ಕರೆಸಿದರು. ಅವರು ಪಟ್ಟಾ ಮುಟ್ಟಿದರು. ಬೆರಳು ಅಂಟಿತು. ಬೆರಳನ್ನು ಮೂಗಿನ ಹತ್ತಿರ ಒಯ್ದು, ನನ್ನ ಕಡೆ ಒಂದು ಸಲ ನೋಡಿದರು. ನಾನು ಬೀಮು ನೋಡುತ್ತ ನಿಂತೆ.

"ಏನಪಾ ಮಾಸ್ತರ, ತಪ್ಪು ನಿಂದೋ ಈಕೀದೋ?" ಅಂದ ಸಾವಕಾರ. "ಈಕೀದಾದ್ರ ಈಗಿಂದೀಗ ಬೀಮ್ ಒಯ್ತೇನಿ. ಮತ್ತ ಈಕಿಗೆ ನೂಲ ತೋರಸೂದಿಲ್ಲ."

ಮಾಸ್ತರರು ಬೆರಳನ್ನು ಪಾಯಿಜಾಮಕ್ಕೆ ಒರೆಸಿಕೊಂಡರು. "ನಂದರೀ. ಪುಲ್ಲಿ ಕಡಿಯೂದ್ರಾಗ ತಪ್ಪೇತಿ."

ಓಣಿಯೆಲ್ಲ ಕೇಳುವ ಹಾಗೆ ಹೇಳಿದರು. ಎರಡು ದಿನ ನನ್ನ ಮನೆಯಲ್ಲೇ ಕೂತು ದಂಡೆ ಕೂಡಿಸಿದರು, ಪಟ್ಟಾ ಒರೆಸಿದರು. ಚಹಾ ಕೊಡುವಾಗ, ಹತ್ತಿರ ಯಾರೂ ಇಲ್ಲದ್ದನ್ನು ನೋಡಿ ಕೇಳಿದೆ. "ಯಾಕ ಹಂಗ ಹೇಳಿದ್ರಿ?"

"ನನಗೇನ್ರಿ, ಇದಲ್ಲಾಂದ್ರ ಇನ್ನೊಂದ ಮಗ್ಗ ಕರೀತೈತಿ. ನಿಮಗ ಇರೂದ ಒಂದ." ಬಸಿಯಲ್ಲಿ ಚಹಾ ಸುರಿದುಕೊಂಡು ನಕ್ಕರು. "ಆ ಡಬ್ಬಿ ಅಷ್ಟ ಗಟಾರಕ್ಕ ಒಗೀರಿ ಮಾರಾಯ್ತಿ."

ಅವರ ಲೆಕ್ಕ ತಪ್ಪಿತು. ಇನ್ನೊಂದು ಮಗ್ಗ ಕರೆಯಲಿಲ್ಲ. ತಾನೇ ಒಪ್ಪಿಕೊಂಡ ಮೇಲೆ ಯಾರು ಕರೆಯುತ್ತಾರೆ? ಮೇಲಿನ ಓಣಿಯ ನೇಕಾರನೊಬ್ಬ ನನ್ನನ್ನೇ ಕೇಳಿದ, "ಯಕ್ಕಾ, ಆ ಮಾಸ್ತರನ ಕಡಿಂದ ಪುಲ್ಲಿ ಹಾಕಸಲ್ಯಾ?" ಅಲ್ಲಿ ಸಾವಕಾರ ಇರಲಿಲ್ಲ, ಓಣಿ ಇರಲಿಲ್ಲ, ನಾವಿಬ್ಬರೇ. ಆಗಲಾದರೂ ಹೇಳಬಹುದಿತ್ತು. "ನೋಡೀಯಲ್ಲಪಾ ನನ್ನ ಮಗ್ಗ" ಅಂದೆ. ಮೊದಲನೆಯದು ಹೆದರಿ ಆಡಿದ್ದು. ಇದಕ್ಕೆ ಆ ನೆಪವೂ ಇಲ್ಲ.

ವರ್ಷ ತುಂಬುವುದರೊಳಗೆ ಅವರು ಲೇತ್ ಮಾರಿದರು. ಮುಧೋಳದಲ್ಲಿ ಬೇರೆಯವರ ಲೇತಿನ ಮೇಲೆ ಕೂಲಿಗೆ ನಿಂತರು. ಒಮ್ಮೆ ಬನಹಟ್ಟಿ ಬಸ್ ನಿಲ್ದಾಣದಲ್ಲಿ ಸಿಕ್ಕರು. "ಮಗ್ಗ ಹೆಂಗ ನಡದೈತ್ರಿ ಅಕ್ಕಾರ?" ಅಂದರು. ಚೆನ್ನಾಗಿ ನಡೆದಿತ್ತು. ಅದೇ ಪುಲ್ಲಿ, ಒಂದು ದಿನವೂ ಜಾರಲಿಲ್ಲ. "ನಡದೈತಿ" ಅಂದೆ. ಬಸ್ಸು ಬಂತು, ಹತ್ತಿದರು.

ಏಳು ವರ್ಷದ ಹಿಂದೆ ಅವರು ತೀರಿದರು. ಮಣ್ಣು ಮಾಡುವ ದಿನ ಚಿಮ್ಮಡಕ್ಕೆ ಹೋಗಿದ್ದೆ. ಅವರ ಹೆಂಡತಿ ನನ್ನ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಯಕ್ಕಾ, ನಿನ್ನ ಮನ್ಯಾಗ ಮುರೀತಲ್ಲ, ಅದನ್ನ ಕೇಳಿದ್ರ ಮಾರಿ ತಿರವ್ತಿದ್ದ. ಅವನ ಕೈ ಅಂಥಾ ಕೈಯಲ್ಲ. ಖರೇನ ಅವಂದ ತಪ್ಪಿತ್ತೇನ?"

ಸುತ್ತ ಹೆಂಗಸರು ಕೂತಿದ್ದರು. "ಇರಲಿ ಬಿಡವಾ, ಹೋದ ಮಾತು" ಎಂದು ಎದ್ದು ಬಂದೆ. ಈ ಸಲವೂ ನಿಜ ನುಂಗಿದೆ.

ಮರುದಿನ ಬೆಳಿಗ್ಗೆ ಮಗ್ಗ ಹಚ್ಚಲಿಲ್ಲ. ಸಾವಕಾರನ ಕಟ್ಟೆಗೆ ಹೋದೆ. ಸೀರೆ ಒಪ್ಪಿಸುವ ಹೊತ್ತು, ನೇಕಾರರೆಲ್ಲ ಕೂಡಿದ್ದರು. ನಿಂತುಕೊಂಡೇ ಹೇಳಿದೆ. "ಮಾಸ್ತರನ ಪುಲ್ಲಿ ಛಲೋ ಇತ್ತು. ರಾಳ ಹಾಕಿ ಮಗ್ಗ ಮುರದಾಕಿ ನಾನು."

"ಮುದುಕಿಗೆ ಏನೋ ಆಗೇತಿ" ಅಂದ ಒಬ್ಬ.

ಸಾವಕಾರ ಕನ್ನಡಕ ತೆಗೆದ. "ನಾಳಿಂದ ಬೀಮ್ ಕೊಡೂದಿಲ್ಲಂದ್ರ ಏನ ಮಾಡ್ತೀಬೇ?"

"ಕೊಡಬ್ಯಾಡ್ರಿ" ಅಂದೆ.

ಹಿಂದೆ ಕೂತವರಿಗೆ ಕೇಳಿರಲಿಕ್ಕಿಲ್ಲ ಎಂದು ಇನ್ನೊಮ್ಮೆ ಜೋರಾಗಿ ಹೇಳಿದೆ. ಆಮೇಲೆ ರಸ್ತೆಗೆ ಬಂದು ಚಿಮ್ಮಡದ ಬಸ್ಸಿಗೆ ಕೈ ಮಾಡಿದೆ.